ಒಂದು ಹುಣಸೆ ಬೀಜ

ದಫ್ತರದ ಮೊದಲ ಪುಟವನ್ನು ಗೆದ್ದಲು ತಿಂದಿದೆ.
ಎರಡನೆಯದರಲ್ಲಿ ಹದಿನಾರು ಹೆಬ್ಬೆಟ್ಟು, ಎರಡು ರುಜು,
ಮೇಲೆ ತೀತಪ್ಪನ ಕೈಬರಹ:
"ಹಗರಿ ಸೀಮೆಯ ನಾವು ಇಂದಿನಿಂದ
ಒಬ್ಬರ ಹೊರೆ ಒಬ್ಬರು ಹೊರುತ್ತೇವೆ.
ತಪ್ಪಿದರೆ ನಮ್ಮನ್ನು ನಾವೇ ಕೇಳಿಕೊಳ್ಳುತ್ತೇವೆ."

ರಾಯದುರ್ಗದ ತೊಗಲು ಕೇರಿ. ಸುಣ್ಣದ ಬಾನಿ,
ತಂಗಡಿ ತೊಗಟೆಯ ಒಗರು ವಾಸನೆ.
ಆರು ದಿನ ಚರ್ಮ ಹದಗೊಂಡ ಚಪ್ಪರದಲ್ಲೇ
ಏಳನೆಯ ದಿನ ಸಭೆ.

ಬೋಧಕನನ್ನು ಆರಿಸಬೇಕು.
ಸೀಲಪ್ಪನನ್ನು ಹೊರಗೆ ಕಳಿಸಿದರು.
ಒಪ್ಪಿದವರು ಜೋಳದ ಕಾಳು, ಒಲ್ಲದವರು ಹುಣಸೆ ಬೀಜ;
ಯಾರ ಕೈ ಏನು ಹಾಕಿತೆಂದು ಕಾಣದಂತೆ
ಗಡಿಗೆಗೆ ಕಂಬಳಿ.
ಬೋರಲು ಹಾಕಿದರೆ
ಹದಿನಾರು ಜೋಳ,
ಒಂದು ಹುಣಸೆ.

ಇಷ್ಟು ಸಾಲದೇ, ಅಂದನಂತೆ ಏನೋಶಪ್ಪ.
"ಸಾಲದು" ಅಂತ ಬರೆದು ಕೆಳಗೆ ಗೆರೆ ಎಳೆದಿದೆ.
ಮೂರು ಭಾನುವಾರ ಕಾದರು.
ಬೀಜ ಯಾರದೆಂದು ಯಾರೂ ಕೇಳಲಿಲ್ಲ.
ನಾಲ್ಕನೆಯದಕ್ಕೆ ಲುದ್ಯಮ್ಮ ತಾನೇ ಎದ್ದಳು
ಸೆರಗು ಸೊಂಟಕ್ಕೆ ಸಿಗಿಸಿ:
"ನನ್ನ ಗಂಡ ಸತ್ತ ವರ್ಷ ಒಯ್ದ
ಎರಡು ಸೇರು ನವಣೆ ಮೊದಲು ಕೊಡಲಿ,
ಆಮೇಲೆ ದೇವರ ಮಾತು ಹೇಳಲಿ."
ಅಂದೇ ಕೊಟ್ಟ. ಅಳೆದವಳು ಅವಳೇ,
ತುಂಬಿದ ಸೇರಿನ ತಲೆ ಸವರದೆ.

ಸುದ್ದಿ ಬಳ್ಳಾರಿ ಮುಟ್ಟಿತು. ದೊರೆಗಳ ಪತ್ರ:
ಹೆಂಗಸರೂ ಕಾಳು ಹಾಕುವುದು ನಿಜವೇ?
ಅವನ ತಲೆಯ ಮೇಲೆ ಕೈಯಿಟ್ಟವರು ಯಾರು,
ಯಾವ ಅಧಿಕಾರದಿಂದ?

ಉತ್ತರದ ನಕಲಿದೆ, ಮಸಿ ಕಂದಿದೆ.
"ಕೈಯಿಟ್ಟವರು ನಾವು. ಸುಣ್ಣ ಸುಟ್ಟ ಕೈ.
ತೊಳೆದೇ ಇಟ್ಟೆವು, ತಂಗಡಿ ವಾಸನೆ ಹೋಗಲಿಲ್ಲ, ಕ್ಷಮಿಸಿ.
ಲುದ್ಯಮ್ಮನ ಕೈಯೂ ಇತ್ತು.
ಬಿಷಪರ ಅಪ್ಪಣೆ ಒಲ್ಲೆವೆಂದು
ನಿಮ್ಮ ಹಿರಿಯರು ಸೆರೆಮನೆ ಕಂಡರೆಂದು
ಇದೇ ಚಪ್ಪರದಲ್ಲಿ ಹೇಳಿದವರು ನೀವು.
ನಾವು ಆ ಕಥೆಯನ್ನು ನಂಬಿದೆವು."

ಇಷ್ಟು ಓದಲು ನನಗೆ ಇಡೀ ಮಧ್ಯಾಹ್ನ ಬೇಕಾಯಿತು.
ಮಗಳಿಗೆ ಈ ಅಕ್ಷರ ಬಾರದು, ಶಾಲೆಯಲ್ಲಿ ತೆಲುಗು.
ಬಳ್ಳಾರಿ ಆಚೆ ಹೋಯಿತು, ನಾವು ಈಚೆ ಉಳಿದೆವು.
ಗಡಿ ಬಂತು.
ಗಡಿಗೆ ಹಿಡಿದು ಯಾರೂ ಬರಲಿಲ್ಲ.

ದೊರೆಗಳು ಮತ್ತೆ ಬರೆದರೇ? ದಫ್ತರ ಹೇಳುವುದಿಲ್ಲ.
ಮುಂದಿನ ಪುಟ: ದೀಪದೆಣ್ಣೆ, ಒಂದೂವರೆ ಆಣೆ.
ಚಪ್ಪರಕ್ಕೆ ಗರಿ.
ಏನೋಶಪ್ಪ ಹೆಂಡತಿಗೆ ಹೊಡೆದದ್ದಕ್ಕೆ
ಎರಡು ಭಾನುವಾರ ಹೊರಗೆ ಕೂತ.
ಗಡಿಗೆ, ಹೊಸದು, ಒಂದು.
ಹಳೆಯದು ಸೀಳು ಬಿಟ್ಟಿದ್ದರಿಂದ.