ನೂರಕ್ಕೆ ಏಳು

ಡಾಂಬರು ಹಾಸಿ ಮೂರು ದಿನ.
ನಾಳೆ ಹತ್ತಕ್ಕೆ ಶಾಸಕರು ಬಂದು ರಿಬ್ಬನ್ನು ಕತ್ತರಿಸುತ್ತಾರೆ,
ಹತ್ತೂಕಾಲಿಗೆ ಮರದ ಲಾರಿ, ಜೀಪು, ಪ್ರವಾಸಿಗರ ಹಾರ್ನು.
ಇವತ್ತು ಭಾನುವಾರ, ಬೆಳಗಿನ ಆರು.
ಮಕ್ಕಂದೂರಿನಾಚೆಯ ಈ ಒಂದೂಕಾಲು ಕಿಲೋಮೀಟರು
ನನ್ನದು.

ಅಳತೆಯೂ ನನ್ನದೇ. ಇಳಿಜಾರು ನೂರಕ್ಕೆ ಏಳು,
ಮೂರನೇ ತಿರುವಿನಲ್ಲಿ ಏಳೂವರೆ.
ಬಿಲ್ಲಿನಲ್ಲಿ ಏಳು ಅಂತಲೇ ಬರೆದಿದ್ದೇನೆ.

ಹಲಗೆ ಸುಂಟಿಕೊಪ್ಪದ ಗುಜರಿಯದು.
ಸುಟ್ಟ ಫ್ಯಾನು, ಮುರಿದ ಪಲ್ಪರಿನ ನಡುವೆ ಮಕಾಡೆ ಬಿದ್ದಿತ್ತು,
ಆರು ಚಕ್ರ ಆಕಾಶಕ್ಕೆ.
"ಹೋಂಸ್ಟೇಗೆ ಬಂದವ ಯಾರೋ ಬಿಟ್ಟದ್ದು ಮೇಡಂ," ಅಂದರು ಸೂಫಿಕಾಕ,
"ಮೇಲೆ ನಿಂತರೆ ಹಿಮದಲ್ಲಿ ಜಾರಿದ ಹಾಗೇ ಅಂತೆ.
ಒಂಬೈನೂರು ಕೊಡಿ ಸಾಕು,
ಹಿಮಕ್ಕೆ ಬೇರೆ ದುಡ್ಡು ಬೇಡ."

ನಾಲ್ಕು ಚಕ್ರ ನಾಲ್ಕು ಮೂಲೆಗೆ, ನೇರ ನಡತೆಯವು.
ನಡುವಿನೆರಡು ಒಂದು ಕೂದಲು ತಗ್ಗು,
ಆಸ್ಪತ್ರೆ ಮಂಚದ ಗಾಲಿಗಳಂತೆ
ಯಾವ ದಿಕ್ಕು ಕೇಳಿದರೂ ಹೂಂ ಅನ್ನುವವು.
ಗುಟ್ಟು ಇಷ್ಟೇ:
ಬೆಟ್ಟದ ಕಡೆಯ ಅಂಚಿಗೆ ಭಾರ ಕೊಟ್ಟರೆ ಹಿಡಿಯುತ್ತದೆ,
ಬಿಟ್ಟರೆ ಜಾರುತ್ತದೆ.
ಕಣಿವೆಯ ಕಡೆಯ ಅಂಚು ತಪ್ಪಿ ತಾಗಿತೋ
ರಸ್ತೆ ಎದ್ದು ಬಂದು ಕೆನ್ನೆಗೆ ಬಾರಿಸುತ್ತದೆ.
ಎಡ ಮೊಣಕೈಯಲ್ಲಿ ರಸೀದಿ ಇದೆ, ಆರು ಹೊಲಿಗೆ.

ಹಿಮ ನಾನು ಕಂಡಿಲ್ಲ.
ಕಾಫಿ ಹೂವಾದಾಗ ತೋಟ ಹಿಮದ ಹಾಗೆ ಅನ್ನುವವರೂ
ಬಹುಶಃ ಕಂಡಿಲ್ಲ.
ಲಡಾಖಿನಲ್ಲಿ ಹನ್ನೊಂದು ಚಳಿಗಾಲ ಕಳೆದ ಪಳಂಗಪ್ಪನವರು
ಒಮ್ಮೆ ಬೇಲಿಗೆ ಒರಗಿ ನನ್ನ ಇಳಿತ ನೋಡಿದರು.
"ಸೊಂಟ ಸರಿ ಮಗಳೇ, ಮಂಡಿಯೂ ಸರಿ.
ಸದ್ದು ಮಾತ್ರ ತಪ್ಪು.
ಹಿಮ ಹೀಗೆ ಕಡ್ಲೆ ಹುರಿಯುವುದಿಲ್ಲ."

ಕಾಲಿಡುತ್ತೇನೆ.
ಮೊದಲ ಹತ್ತು ಮೀಟರು ಹಲಗೆಗೆ ನನ್ನ ಮೇಲೆ ಅನುಮಾನ.
ಆಮೇಲೆ
ಹಿಮ್ಮಡಿ,
        ಉದ್ದನೆಯ ಕುಡುಗೋಲಿನಂಥ ಬಾಗು,
ಬೆರಳು,
        ಮತ್ತೊಂದು, ಇನ್ನೂ ಅಗಲ,
ಹಿಮ್ಮಡಿ,
        ಹಲಗೆ ಪೂರ್ತಿ ಅಡ್ಡ, ನಾನು ಮಾತ್ರ ನೇರ ಕೆಳಕ್ಕೆ,
ಹೊಟ್ಟೆಯೊಳಗಿನ ತಕ್ಕಡಿ ಒಂದು ಕ್ಷಣ
ಎರಡೂ ತಟ್ಟೆ ಖಾಲಿ.

ಮೂರನೇ ತಿರುವು.
ಇಲ್ಲಿ ಆ ಆಗಸ್ಟಿನಲ್ಲಿ ಗುಡ್ಡವೇ ಹೋಯಿತು.
ನಮ್ಮ ಕಡತದಲ್ಲಿ ಭೂಕುಸಿತ.
ಊರವರು ಈಗಲೂ ಜಾರಿತು ಅಂತಲೇ ಹೇಳುತ್ತಾರೆ,
ಮಗು ಮಡಿಲಿನಿಂದ ಜಾರಿತು ಅಂದ ಹಾಗೆ.
ಚೋಂದಮ್ಮನ ಹಂದಿಗೂಡು, ಎರಡು ಕರೆಂಟು ಕಂಬ, ಹಳೆಯ ರಸ್ತೆ.
ಕಿತ್ತಳೆ ಮರಗಳು ಮಾತ್ರ ಬೀಳಲಿಲ್ಲವಂತೆ,
ನಿಂತಲ್ಲೇ ನಿಂತುಕೊಂಡು ಹೊಳೆಯವರೆಗೆ ಹೋದವಂತೆ.

ಬೆಟ್ಟಕ್ಕೆ ಅಂಚಿರಲಿಲ್ಲ.
ಹಿಡಿಯಲು ಬೇರಿತ್ತು, ಬೇರು ಹಿಡಿಯಲು ಮಣ್ಣಿರಲಿಲ್ಲ,
ಮಣ್ಣಿದ್ದ ಕಡೆ ನೀರಿತ್ತು.

ಕಲ್ಲುಬುಟ್ಟಿ ಪೇರಿಸಿ, ಮೋರಿ ತೋಡಿಸಿ,
ಪಿರಿಯಾಪಟ್ಟಣದ ಜವರಾಯಿಯ ರೋಲರು ಹನ್ನೆರಡು ಸಲ ಓಡಿಸಿ
ಇದೊಂದು ಜಾಗ ಜಾರದಿರಲಿ ಅಂತ ವರ್ಷಗಟ್ಟಲೆ ದುಡಿದು
ಈಗ ಅದರ ಮೇಲೆಯೇ, ಸಂಬಳವಿಲ್ಲದೆ, ಜಾರುತ್ತಿದ್ದೇನೆ.

ಅಷ್ಟರಲ್ಲಿ ಅದು.
ಎಡ ಅಂಗಾಲಿನಡಿ ಒಂದು ಸಣ್ಣ ತೂಕಡಿಕೆ.
ಗುಂಡಿಯಲ್ಲ, ಬಿರುಕಲ್ಲ,
ಹಾಸಿದ ಚಾಪೆಯಡಿ ಯಾರೋ ಕೈ ಹಿಂದಕ್ಕೆಳೆದುಕೊಂಡ ಹಾಗೆ.
ಹಿಮ್ಮಡಿಯೊತ್ತಿ ನಿಂತೆ. ವಾಪಸು ಹತ್ತಿದೆ.
ಮತ್ತೆ ಇಳಿದೆ. ಅಲ್ಲೇ, ಮತ್ತೆ.
ಮೂರನೇ ಸಲ ಬರಿಗಾಲಲ್ಲಿ.

ಮೊಣಕಾಲೂರಿ ಅಂಗೈ ಇಟ್ಟೆ.
ಡಾಂಬರು ಇನ್ನೂ ತಣ್ಣಗೆ, ಏನೂ ತಿಳಿಯದ ಮುಖ.
ಕೆಳಗೆಲ್ಲೋ ನೀರು ನಾನು ತೋಡದ ದಾರಿ ಹಿಡಿದಿತ್ತು.

ಸೀಮೆಸುಣ್ಣದಲ್ಲಿ ಸುತ್ತಲೂ ಗೆರೆಯೆಳೆದು
ಕಾರ್ಯಪಾಲಕರಿಗೆ ಫೋನು ಮಾಡಿದೆ.
"ನಾಳೆ ಬೇಡ ಸಾರ್. ಮೂರನೇ ತಿರುವು ಕೂರುತ್ತಾ ಇದೆ."
"ಯಾವ ಮೆಷಿನ್ನು ತೋರಿಸ್ತು?"
"ಅಂಗಾಲು, ಸಾರ್."

ಆಚೆಯಿಂದ ಸದ್ದೇ ಇಲ್ಲ.
ಪಳಂಗಪ್ಪನವರು ಹೇಳಿದ ಹಿಮ ಹೀಗೇ ಇರುತ್ತದೇನೋ.