ಮೂರು ಗಂಟೆ

ನಮ್ಮ ಹಟ್ಟಿಯಲ್ಲಿ ಜಲಪಾತವಿಲ್ಲ.
ಇರುವುದೊಂದೇ, ನನ್ನ ಹಳೇ ಲ್ಯಾಪ್‌ಟಾಪಿನೊಳಗೆ:
ಕಡುನೀಲಿ, ಸದ್ದಿಲ್ಲದೆ
ರಾತ್ರಿಯಿಡೀ ಸುರಿಯುತ್ತದೆ.
ಅದರಲ್ಲಿ ಇಳಿದುಬರುವ ಹಳದಿ ಎಳೆಗಳಲ್ಲಿ
ಯಾವುದು ಯಾವ ಮೋಡ್ ಎಂದು ಬಿಡಿಸಿ ಹೇಳಲು
ನನಗೆ ಎರಡು ವರ್ಷ ಹಿಡಿಯಿತು.

ಬಂದೇನವಾಜ್ ಕಾಕಾನಿಗೆ ಒಂದು ಸಂಜೆ.
ಮೂವತ್ತೊಂದು ವರ್ಷ ಗಣಿಯ ವೈಂಡರ್ ನಡೆಸಿದವನು,
ಪಂಜರ ಇಳಿಸಿದವನು, ಏರಿಸಿದವನು.
ಕಣ್ಣಿಗೆ ಪೊರೆ ಬಂದಿದೆ, ಪರದೆ ಕಾಣದು;
ಸ್ಪೀಕರಿಗೆ ಕಿವಿಕೊಟ್ಟು ಕೂತ.
"ಇದೇನವ್ವಾ, ಚಾದ ಕೆಟಲಿ ಸಿಳ್ಳಿ ಹಾಕಿದಂಗ?"
ಪಿಎಸ್‌ಕೆ, ಕಾಕಾ. ನೂಲಿನಷ್ಟು ಸಣ್ಣದು.
"ಇದು? ಎರಡು ಬಾಗಲ ನಡುವ ಓಡ್ಯಾಡೋ ಕೂಸು?"
ಆರ್‌ಟಿಟಿವೈ. ಅದಕ್ಕೆ ಇರೋದೇ ಎರಡು ಸ್ವರ.
"ಈಂವ ಕುಡುದು ಮೆಟ್ಲ ಹತ್ತಾಕತ್ತಾನ."
ಒಲಿವಿಯಾ! ನಾನು ಚಪ್ಪಾಳೆ ಹೊಡೆದೆ.
ಕೈಪಿಡಿಯಲ್ಲೂ ಇಷ್ಟು ಸರಿಯಾಗಿ ಬರೆದಿಲ್ಲ.

ಕೊನೆಗೆ ನನ್ನದು, ಎಫ್‌ಟಿ ಎಯ್ಟ್.
ಹದಿನೈದು ಸೆಕೆಂಡಿನ ಪಾಳಿ,
ಹನ್ನೆರಡೂವರೆ ಹಾಡು, ಮಿಕ್ಕದ್ದು ಉಸಿರು.
ಒಬ್ಬ ಆಡುವಾಗ ಇನ್ನೊಬ್ಬ ಸುಮ್ಮನಿರಬೇಕು.
ಗಡಿಯಾರ ಮೂರು ಸೆಕೆಂಡು ತಪ್ಪಿತೋ
ಎಲ್ಲ ಕೇಳಿಸುತ್ತದೆ, ಒಂದಕ್ಷರ ಮೂಡುವುದಿಲ್ಲ.
ನನ್ನ ಕಾಲ್‌ಸೈನ್, ನನ್ನ ಚೌಕ ಎಂಕೆ ಎಂಬತ್ತಾರು ಕಳಿಸಿದೆ.
ಅತ್ತಲಿಂದ ಮೈನಸ್ ಇಪ್ಪತ್ತೊಂದು:
ಗದ್ದಲದ ಅಡಿಯಲ್ಲಿ ಹೂತಿದ್ದರೂ ಸಿಕ್ಕಿದ್ದೇನಂತೆ.
ಟನ್ನುಗಟ್ಟಲೆ ಕಲ್ಲು ಅರೆದು
ಗ್ರಾಮಿನ ಲೆಕ್ಕದಲ್ಲಿ ಎತ್ತುವ ಊರಿನವರಿಗೆ
ಇದನ್ನು ಹೆಚ್ಚು ವಿವರಿಸಬೇಕಿಲ್ಲ.

"ಏನ್ ಮಾತಾಡಿದ್ರಿ ಮತ್ತ?"
ಹೆಸರು, ಜಾಗ, ಎಷ್ಟು ಕೇಳತದ. ಆಮ್ಯಾಲೆ ಎಪ್ಪತ್ತಮೂರು, ಅಂದ್ರ ಶುಭಾಶಯ.
"ಇಷ್ಟಕ್ಕಾ ಇಷ್ಟು ವೈರು?"
ಇಷ್ಟಕ್ಕೇ.
ಕಾಕಾ ಎಲೆ ಮಡಚಿದ, ಬಾಯಿಗಿಡಲಿಲ್ಲ.
"ನಮ್ದೂ ಹಂಗ ಇತ್ತು ತಗಿ.
ಒಂದು ಗಂಟಿ, ನಿಲ್ಲು. ಎರಡು, ಇಳಸು.
ಮೂರು ಗಂಟಿ ಹೊಡೀತಂದ್ರ
ಒಳಗ ಮನಷ್ಯಾರದಾರ, ಕಲ್ಲಲ್ಲ, ಸಾವಕಾಶ.
ಮ್ಯಾಲಿನವ್ರು ಕೆಳಗಿನವ್ರು ಮಾರಿ ನೋಡಿಲ್ಲ.
ಅದಕ್ಕಿಂತ ಹೆಚ್ಚಿಗಿ ಏನ್ ಮಾತು ಬೇಕಿತ್ತು?"

ಆಗ ಬಂತು ಅದು,
ವಾರದಿಂದ ನನ್ನನ್ನು ಕಾಡುತ್ತಿದ್ದ ಮಬ್ಬು ಪಟ್ಟೆ.
ಮೆಲ್ಲಗೆ ಬಾಗಿ, ಆಮೇಲೆ ನೆಟ್ಟಗೆ ನಿಂತು, ಮತ್ತೆ ಬಾಗಿ
ಅಳಿಸಿಹೋಗುವುದು.
ಎಂಎಫ್‌ಎಸ್‌ಕೆ ಹಚ್ಚಿ ನೋಡಿದ್ದೆ, ಡೊಮಿನೊ, ಥ್ರಾಬ್,
ಎಲ್ಲದರಲ್ಲೂ ಬರೀ ಕಸ.
ಯಾವುದೋ ದೇಶದ ಸೇನೆಯದಿರಬೇಕು ಅಂದುಕೊಂಡಿದ್ದೆ,
ಸ್ವಲ್ಪ ಹೆಮ್ಮೆಯಿಂದಲೇ.

ಕಾಕಾ ಎದ್ದು ನಿಂತ.
ಅವನ ಬಲಗೈ ಇಲ್ಲದ ಬ್ರೇಕಿನ ಹಿಡಿಕೆ ಹಿಡಿದಿತ್ತು.
"ಹುಚ್ಚಿ, ಇದು ನಮ್ದ! ಪಂಜರ ಇಳ್ಯಾಕತ್ತದ.
ಹೊಸಾ ಡ್ರೈವ್ ಕುಂದರಿಸ್ಯಾರಲ್ಲ, ಅದರ ಕಿರಿಕಿರಿ.
ತಡಿ... ಅರ್ಧ ದಾಟ್ತು... ಹಗೂರ... ಹಗೂರ...
ಕಲ್ಲಿನ ಡಬ್ಬಿ ಆಗಿದ್ರ ಹಿಂಗ ಇಳಸ್ತಿದ್ದಿಲ್ಲ."

ರಾತ್ರಿ ಪಾಳಿಯ ಹೊತ್ತು.
ನನ್ನ ತಮ್ಮ ದುರುಗೇಶ ಬುತ್ತಿ ಹಿಡಿದು
ಆ ಪಟ್ಟೆಯೊಳಗೆ ಎಲ್ಲೋ ನಿಂತಿದ್ದ.

ಫೆರೈಟ್ ಉಂಗುರ ಸುತ್ತು ಅನ್ನುತ್ತಾರೆ ಗೆಳೆಯರು,
ಕಂಪನಿಗೆ ಅರ್ಜಿ ಬರಿ ಅನ್ನುತ್ತಾರೆ.
ಬರೆಯಬೇಕು.
ನಿನ್ನೆ ಮಡಗಾಸ್ಕರ್‌ನವನೊಬ್ಬ ಮೈನಸ್ ಇಪ್ಪತ್ನಾಕರಲ್ಲಿ ಕರೆದ,
ಉತ್ತರ ಕೊಡುವಷ್ಟರಲ್ಲಿ ಪಂಜರ ಹೊರಟಿತು.
ಗುಂಡಿಯ ಮೇಲಿಂದ ಬೆರಳು ತೆಗೆದೆ.
ಎರಡು ನಿಮಿಷ ಹತ್ತು ಸೆಕೆಂಡು.
ತಳ ಮುಟ್ಟಿದ ಮೇಲೆ ನೋಡಿದರೆ ಮಡಗಾಸ್ಕರ್ ಇರಲಿಲ್ಲ.

ಲಾಗ್ ಪುಸ್ತಕ ಖಾಲಿ ಬಿಡಬಾರದೆಂದು ಬರೆದೆ:
ಏಳು ಮೆಗಾಹರ್ಟ್ಸ್. ರಾತ್ರಿ ಹತ್ತೂ ಐದು.
ಮೋಡ್, ಮೂರು ಗಂಟೆ.
ದೂರ, ಮುಕ್ಕಾಲು ಕಿಲೋಮೀಟರು, ನೆಟ್ಟಗೆ ಕೆಳಗೆ.