ಎರಡನೇ ಪ್ರತಿ

ಶ್ರೀರಾಂಪುರದ ಮೂರನೇ ಕ್ರಾಸಿನಲ್ಲಿ ನನ್ನ ಅಂಗಡಿ,
ಆರಡಿಗೆ ಒಂಬತ್ತು.
ತಲೆಯೆತ್ತಿದರೆ ಎರಡು ಕಟ್ಟಡಗಳ ನಡುವೆ
ರವಿಕೆಯ ಪಟ್ಟಿಯಷ್ಟಗಲ ಆಕಾಶ,
ಅದರ ತುಂಬ ಕೇಬಲ್ಲಿನ ಹೊಲಿಗೆ.

"ಇನ್ಮೇಲೆ ನಿಮ್ಮ ಅಳತೆ ಪುಸ್ತಕ ಮೇಲಿರುತ್ತೆ ಅಕ್ಕ,
ಕ್ಲೌಡಲ್ಲಿ," ಅಂದ
ರೀಚಾರ್ಜ್ ಅಂಗಡಿಯ ತ್ಯಾಗು.
ನಾನು ಮೇಲೆ ನೋಡಿದೆ.
ಆವತ್ತು ಮೋಡವೇನೂ ಇರಲಿಲ್ಲ.

ನಾನು ಫೋನಿನಲ್ಲಿ ಒತ್ತಿದ ಅಂಕಿ
ಕಾಟನ್‌ಪೇಟೆಯಲ್ಲಿ ಮಹಬೂಬ್ ಮಾಸ್ಟರ ಕತ್ತರಿಯ ಪಕ್ಕ
ಟ್ಯಾಬಿನಲ್ಲಿ ಮೂಡುತ್ತದೆ.
ಮನೆಯಲ್ಲಿ ಮಗಳು ತೇಜು ಲ್ಯಾಪ್‌ಟಾಪ್ ತೆರೆದರೆ ಅಲ್ಲೂ,
ಬಾಕಿ ಎಷ್ಟು, ಕೊಡುವ ವಾರ ಯಾವುದು, ಎಲ್ಲ ಸಮೇತ.
ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.
"ಮುವ್ವತ್ತಾರೋ ಮುವ್ವತ್ತೆಂಟೋ" ಅಂತ
ಮಾಸ್ಟರ್ ದಿನಕ್ಕೆ ಹತ್ತು ಸಲ ಫೋನು ಮಾಡುವುದು ನಿಂತಿತು.

ಹಳೆಯ ಪುಸ್ತಕ ಡ್ರಾಯರಿನಲ್ಲಿ, ಬಾಬಿನ್ನುಗಳ ಕೆಳಗೆ.
ಮೂಲೆಗೆಲ್ಲ ಮಿಷನ್ ಎಣ್ಣೆ.
ಯಾರು ಬಸುರಿ ಅಂತ ಅತ್ತೆಗಿಂತ ಮೊದಲು ಅದಕ್ಕೆ ಗೊತ್ತಾಗುತ್ತಿತ್ತು,
ಯಾರ ಮನೆಯಲ್ಲಿ ಊಟ ಸೇರುತ್ತಿಲ್ಲ ಅಂತಲೂ.
ಗೊತ್ತಿದ್ದೂ ಬಾಯಿ ಬಿಡುತ್ತಿರಲಿಲ್ಲ.

ವಾರಿಜಾ ಮಿಸ್ಸು ಬಂದದ್ದು ಐದು ತಿಂಗಳಾದ ಮೇಲೆ.
ಹತ್ತೊಂಬತ್ತು ವರ್ಷದ ಗಿರಾಕಿ.
ಎಲ್ಲರೂ ಹೋಗಲಿ ಅಂತ
ಬಟನ್ ಡಬ್ಬಿ ಕಲಕುತ್ತ ಕೂತಿದ್ದರು.
ಆಮೇಲೆ ತಾವೇ ಪರದೆ ಎಳೆದರು.
ಟೇಪು ಬಲದಿಂದ ಬಂತು,
ಎಡಕ್ಕೆ ಏರುತ್ತದೆ ಅಂತ ನನ್ನ ಬೆರಳು ಕಾಯುತ್ತಿತ್ತು,
ಏರಲಿಲ್ಲ.
"ಕಿದ್ವಾಯಿಯಲ್ಲಿ ತೆಗೆದರು.
ಸ್ಕೂಲಲ್ಲಿ ಯಾರಿಗೂ ಹೇಳಿಲ್ಲ, ನೀನೂ..."
"ಇಲ್ಲ ಮಿಸ್," ಅಂದೆ.

ಮಾರನೇ ದಿನ ಹುಕ್ಕು, ಲೈನಿಂಗ್ ತರಲು
ಚಿಕ್ಕಪೇಟೆಗೆ ಮೆಟ್ರೋ ಹತ್ತಿದೆ.
ಸಂಪಿಗೆ ರಸ್ತೆ ದಾಟಿದ ಮೇಲೆ ನೆಲದಡಿ, ಕತ್ತಲು;
ನೆಟ್‌ವರ್ಕಿನ ಗೆರೆಗಳು ಒಂದೊಂದೇ ಆರಿದವು.
ಮರೆಯುವ ಮೊದಲು ಬರೆದುಬಿಡೋಣ ಅಂತ
ಅಲ್ಲೇ ಒತ್ತಿದೆ:
ಎಡ, ಸೊನ್ನೆ.

ಅದೇ ಹೊತ್ತಿಗೆ ಮಾಸ್ಟರ್, ಕಾಟನ್‌ಪೇಟೆಯಲ್ಲಿ,
ಅದೇ ಹೆಸರು ತೆರೆದು
ತೋಳು ಅರ್ಧ ಇಂಚು ಉದ್ದ ಮಾಡಿದ್ದರು.

ಚಿಕ್ಕಪೇಟೆಯ ಮೆಟ್ಟಿಲು ಹತ್ತಿ ಬೆಳಕಿಗೆ ಬಂದರೆ
ಫೋನು ನಡುಗಿತು.
ಎರಡು ಪ್ರತಿಗಳಿವೆ, ಯಾವುದನ್ನು ಇಟ್ಟುಕೊಳ್ಳಲಿ?
ಒಂದರಲ್ಲಿ ಮಿಸ್ಸು ಹತ್ತೊಂಬತ್ತು ವರ್ಷದ ಹಾಗೇ,
ಎಡ ಬಲ ಸಮ, ತೋಳು ಮಾತ್ರ ಉದ್ದ.
ಇನ್ನೊಂದರಲ್ಲಿ ನಿನ್ನೆಯ ಪರದೆ.
ಯಾವುದನ್ನು.
ಹಿಂದಿನಿಂದ ಮೂಟೆ ಹೊತ್ತವನು
"ನಡೀರಿ ಅಮ್ಮಾ, ದಾರಿ ಬಿಡಿ" ಅಂದ.

ಅಷ್ಟರಲ್ಲಿ ತೇಜು ಫೋನು:
"ಅಮ್ಮಾ, ಯಾರದೋ ಎಡಕ್ಕೆ ಸೊನ್ನೆ ಬಿದ್ದಿದೆ,
ತಪ್ಪಲ್ವಾ? ಸರಿ ಮಾಡ್ಲಾ?"
"ಮುಟ್ಟಬೇಡ,"
ಅಂದದ್ದು ಎಷ್ಟು ಜೋರಾಗಿತ್ತೆಂದರೆ
ಹೂವಿನವಳು ಮೊಳ ಹಾಕುವುದನ್ನು ನಿಲ್ಲಿಸಿದಳು.

ಅಳಿಸಿದೆ. ಮೂರು ಕಡೆಯೂ ಅಳಿಯಿತು.
ಆದರೂ ಮೂವತ್ತು ದಿನ
ಅದರ ಕಸದ ಬುಟ್ಟಿಯಲ್ಲಿ ಇರುತ್ತದಂತೆ;
ಆ ಬುಟ್ಟಿ ಯಾವ ಊರಿನದೋ,
ಯಾರು ಗುಡಿಸುತ್ತಾರೋ.

ಸಂಜೆ ಮಾಸ್ಟರ್ ತಾವೇ ಮಾತು ತೆಗೆದರು:
"ಆ ಟೀಚರದು... ಒಳಗಡೆ ಒಂದು ಜೇಬು ಇಡ್ತೀನಿ,
ಮಲ್ಲಿನ ಬಟ್ಟೆದು. ಚುಚ್ಚಲ್ಲ."
ಬೇರೇನೂ ಹೇಳಲಿಲ್ಲ.
ಆ ಜೇಬು ಎಲ್ಲಿ ಕಲಿತಿರಿ ಅಂತ ನಾನೂ ಕೇಳಲಿಲ್ಲ.

ಶನಿವಾರ ಮಿಸ್ಸು ತೊಟ್ಟು ನೋಡಿ,
ಕನ್ನಡಿಗೆ ಬೆನ್ನು ಮಾಡಿ, ಮತ್ತೆ ಎದುರಾಗಿ,
ಸೆರಗು ಹೊದ್ದು, ತೆಗೆದು,
"ಸರಿಯಾಗಿದೆ ಕಣೆ" ಅಂದರು.
ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ,
"ಅಳತೆ ಎಲ್ಲಿ ಬರೆದಿಟ್ಟಿದ್ದೀಯ?"

ಡ್ರಾಯರು ತಟ್ಟಿ ತೋರಿಸಿದೆ.
ಒಳಗೆ ಬಾಬಿನ್ನು ಉರುಳಿದ ಸದ್ದು.
ಮಿಷನ್ನಿನ ಮೇಲೆ ಫೋನು
ಬೋರಲಾಗಿ ಮಲಗಿತ್ತು.